ಹಿತ್ತಲ ಗಿಡವೂ ಹದಿನೈದು ಆಂಪಿಯರಿನ ಪ್ಲಗ್ಗೂ



ಈಚಿನ ವರ್ಷಗಳಲ್ಲಿ ಮದುವೆಯ ಮನೆಯಿರಲಿ, ಗೃಹಪ್ರವೇಶವಿರಲಿ, ಹಳೆಯ ವಿದ್ಯಾರ್ಥಿಗಳ ಕೂಟವಿರಲಿ, ಎಲೆಯ ಮುಂದೆ ಕುಳಿತ ಕೂಡಲೇ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಮೇಷ್ಟ್ರೇ, ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಬಹುದೇ? ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ?" ವಿಜ್ಞಾನ ಪಾಠ ಹೇಳಿದವನಿಗೆ ಇದೂ ತಿಳಿದಿರಬೇಕೆಂಬುದು ನಿಮ್ಮೆಲ್ಲರ ನಂಬಿಕೆ. ಎಲೆಯ ಮುಂದೆ ಕೊಡುವ ಉತ್ತರ ಪಾಯಸ ಬರುವ ಹೊತ್ತಿಗೆ ಮರೆತುಹೋಗುತ್ತದೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಸಾವಧಾನವಾಗಿ ಬರೆದಿಡುತ್ತೇನೆ.

ನನ್ನ ಅಭಿಪ್ರಾಯವಿಷ್ಟು. "ಎಷ್ಟು ದೂರ ಓಡುತ್ತದೆ" ಎಂದು ಕೇಳುವ ಮೊದಲು "ಎಲ್ಲಿ ನಿಲ್ಲುತ್ತದೆ" ಎಂದು ಕೇಳಬೇಕು. ಕಾರೆಂಬುದು ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎರಡೋ ಮೂರೋ ಗಂಟೆ ಓಡಿ, ಉಳಿದ ಹೊತ್ತೆಲ್ಲ ನಿಂತಿರುವ ವಸ್ತು. ನಿಂತ ಜಾಗದಲ್ಲಿ ಒಂದು ಪ್ಲಗ್ಗಿದ್ದರೆ ಸಣ್ಣ ಬ್ಯಾಟರಿಯೂ ಸಾಕಾಗುತ್ತದೆ. ಇಲ್ಲವಾದರೆ ದೊಡ್ಡ ಬ್ಯಾಟರಿಯೂ ಸಾಲದು. ಈ ಪಾಠವನ್ನು ಕಲಿಯಲು ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ. ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿಯೇ ಅದನ್ನು ಇಪ್ಪತ್ತು ವರ್ಷಗಳಿಗೂ ಹಿಂದೆ ಒಬ್ಬರು ಕಾರಿನ ರೂಪದಲ್ಲಿ ಮುಂದಿಟ್ಟಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ತಕ್ಕಂತೆ ನಾವು ಅದನ್ನು ನೋಡಿ ನಕ್ಕು ಸುಮ್ಮನಾದೆವು.

ನಿಮ್ಮಲ್ಲಿ ಹಲವರಿಗೆ ರೇವಾ ಕಾರಿನ ನೆನಪಿರಬೇಕು. ಮೊಟ್ಟೆಯಂತೆ ದುಂಡಗಿನ, ಎರಡೇ ಬಾಗಿಲಿನ, ಎರಡೂವರೆ ಮೀಟರಿಗಿಂತ ಸ್ವಲ್ಪವೇ ಉದ್ದವಾದ ಆ ಬಂಡಿ ಜಯನಗರ, ಕೋರಮಂಗಲಗಳ ರಸ್ತೆಗಳಲ್ಲಿ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು. ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಕಂಪನಿಯೂ ಸೇರಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಕಟ್ಟಿದವು. ಅದರ ಮುಂದಾಳು ಚೇತನ್ ಮೈನಿ. ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಗಳ ತಂಡ ಕಟ್ಟಿದ ಸೌರಶಕ್ತಿಯ ಕಾರು 1990ರಲ್ಲಿ ಅಮೆರಿಕದ ಸ್ಪರ್ಧೆಯಲ್ಲಿ ಮೊದಲನೆಯದಾಗಿ, ಅದೇ ವರ್ಷ ಆಸ್ಟ್ರೇಲಿಯದ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ದುಡಿದ ಹುಡುಗ ಊರಿಗೆ ಮರಳಿ ಬಂದು, ಬಿಸಿಲಿನ ಕಾರನ್ನು ಬಿಟ್ಟು ಪ್ಲಗ್ಗಿನ ಕಾರನ್ನು ಹಿಡಿದರು. ಏಳು ವರ್ಷಗಳ ದುಡಿಮೆಯ ಬಳಿಕ 2001ರಲ್ಲಿ ರೇವಾ ಮಾರಾಟಕ್ಕೆ ಬಂತು.

ಅದರ ಒಡಲಿನ ಲೆಕ್ಕವನ್ನು ಒಮ್ಮೆ ನೋಡಿ. ಆರು ವೋಲ್ಟಿನ ಎಂಟು ಸೀಸ-ಆಮ್ಲದ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟ್. ಸಾಮರ್ಥ್ಯ 200 ಆಂಪಿಯರ್-ಗಂಟೆ. ಎರಡನ್ನೂ ಗುಣಿಸಿದರೆ 9,600 ವ್ಯಾಟ್-ಗಂಟೆ, ಅಂದರೆ ನಮ್ಮ ಮನೆಯ ಮೀಟರಿನ ಭಾಷೆಯಲ್ಲಿ 9.6 ಯೂನಿಟ್. ಒಮ್ಮೆ ತುಂಬಿದರೆ 80 ಕಿಲೋಮೀಟರ್ ಓಡುತ್ತದೆಂದು ಕಂಪನಿ ಹೇಳುತ್ತಿತ್ತು. ಗರಿಷ್ಠ ವೇಗ ಗಂಟೆಗೆ 65 ಕಿಲೋಮೀಟರ್. ಮನೆಯ 15 ಆಂಪಿಯರಿನ ಪ್ಲಗ್ಗಿಗೆ, ಅಂದರೆ ಇಸ್ತ್ರಿಪೆಟ್ಟಿಗೆಗೋ ಗೀಸರಿಗೋ ಹಾಕಿಸುವ ಪ್ಲಗ್ಗಿಗೆ, ತಂತಿ ಸಿಕ್ಕಿಸಿದರೆ ಎರಡೂವರೆ ಗಂಟೆಯಲ್ಲಿ ಶೇಕಡಾ 80ರಷ್ಟು ತುಂಬುತ್ತಿತ್ತು; ಪೂರ್ತಿ ತುಂಬಲು ಸುಮಾರು ಎಂಟು ಗಂಟೆ. ಕೊನೆಯ ಐದನೆಯ ಒಂದು ಪಾಲಿಗೆ ಅಷ್ಟು ಹೊತ್ತೇಕೆ ಎಂದರೆ, ಸೀಸದ ಬ್ಯಾಟರಿ ತುಂಬುತ್ತ ಬಂದಂತೆ ವಿದ್ಯುತ್ತನ್ನು ನಿಧಾನವಾಗಿ ಕುಡಿಯುತ್ತದೆ. ಅವಸರದಿಂದ ತುರುಕಿದರೆ ಒಳಗಿನ ನೀರು ಅನಿಲವಾಗಿ ಹೋಗುತ್ತದೆ.

ಈಗ ತರಗತಿಯಲ್ಲಿ ಕೇಳುತ್ತಿದ್ದಂಥ ಒಂದು ಪ್ರಶ್ನೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಎಷ್ಟು ಶಕ್ತಿಯಿದೆ? ಸರಿಸುಮಾರು ಒಂಬತ್ತು ಯೂನಿಟ್ಟಿನಷ್ಟು. ಅಂದರೆ ರೇವಾ ಕಾರಿನ ಎಂಟೂ ಬ್ಯಾಟರಿಗಳಲ್ಲಿ ಸೇರಿ ಅಡಗಿದ್ದ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಹೆಚ್ಚೇನೂ ಇರಲಿಲ್ಲ. ಆ ಒಂದು ಲೀಟರಿನಷ್ಟು ಶಕ್ತಿಯಿಂದ ಅದು 80 ಕಿಲೋಮೀಟರ್ ಓಡುವಂತೆ ರಚಿತವಾಗಿತ್ತು. ಪೆಟ್ರೋಲ್ ಕಾರು ಅದೇ ಒಂದು ಲೀಟರಿನಿಂದ ಪೇಟೆಯಲ್ಲಿ ಹನ್ನೆರಡೋ ಹದಿನೈದೋ ಕಿಲೋಮೀಟರ್ ಹೋಗುತ್ತದೆ. ಉಳಿದ ಶಕ್ತಿಯ ಬಹುಪಾಲು ರೇಡಿಯೇಟರಿನಿಂದಲೂ ಹೊಗೆಕೊಳವೆಯಿಂದಲೂ ಬಿಸಿಯಾಗಿ ಗಾಳಿಗೆ ಸೇರುತ್ತದೆ. ವಿದ್ಯುತ್ ಮೋಟಾರು ಅಷ್ಟು ಪೋಲು ಮಾಡುವುದಿಲ್ಲ. ಸಿಗ್ನಲಿನಲ್ಲಿ ನಿಂತಾಗ ಅದು ತಿನ್ನುವುದೇ ಇಲ್ಲ. ಬ್ರೇಕು ಒತ್ತಿದಾಗ ಮೋಟಾರೇ ಜನರೇಟರಾಗಿ ಓಟದ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಸಿಲ್ಕ್ ಬೋರ್ಡ್ ಚೌಕದಲ್ಲಿ ಒಂದು ಗಂಟೆ ತೆವಳುವ ನಗರಕ್ಕೆ ಇದಕ್ಕಿಂತ ಒಪ್ಪುವ ಯಂತ್ರ ಬೇರೆ ಯಾವುದಿದ್ದೀತು?

ಹಾಗೆಂದು ರೇವಾ ದೋಷವಿಲ್ಲದ ಕಾರಾಗಿತ್ತೆಂದು ನಾನು ಹೇಳಲಾರೆ. ಹೊಗಳಿಕೆಯ ಭರದಲ್ಲಿ ಸತ್ಯ ಮರೆಯಬಾರದು. ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿ ಹಿಡಿಯುವುದು 30ರಿಂದ 40 ವ್ಯಾಟ್-ಗಂಟೆ ಮಾತ್ರ. ಹೀಗಾಗಿ ಕಾರಿನ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬ್ಯಾಟರಿಯದೇ ಆಗಿತ್ತು, ಹೊತ್ತವನೇ ಹೊರೆಯಾದಂತೆ. ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಮರೆತರೆ ಆಯುಸ್ಸು ಕುಗ್ಗುತ್ತದೆ. ವರ್ಷ ಕಳೆದಂತೆ 80 ಎಂಬುದು 60 ಆಗುತ್ತದೆ, 50 ಆಗುತ್ತದೆ. ಕೆಲವೇ ವರ್ಷಗಳಿಗೊಮ್ಮೆ ಎಂಟನ್ನೂ ಬದಲಿಸುವ ಖರ್ಚು ಬೇರೆ. ಹಿಂದಿನ ಸೀಟು ಮಕ್ಕಳಿಗೆ ಮಾತ್ರ. ಯುರೋಪಿನಲ್ಲಿ ಅದನ್ನು ಕಾರೆಂದು ಪರಿಗಣಿಸದೆ ಹಗುರವಾದ ನಾಲ್ಕು ಚಕ್ರದ ಬಂಡಿಯ ವರ್ಗದಲ್ಲಿ ಇಟ್ಟಿದ್ದರು. 2007ರಲ್ಲಿ ಬ್ರಿಟನ್ನಿನ ಮೋಟಾರು ಪತ್ರಿಕೆಯೊಂದು ಮಾಡಿಸಿದ ಡಿಕ್ಕಿಯ ಪರೀಕ್ಷೆಯಲ್ಲಿ ಅದರ ಫಲಿತಾಂಶ ಕಳವಳ ಹುಟ್ಟಿಸುವಂತಿತ್ತು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಬಂಡಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಆದರೂ ಒಂದು ಸಂಗತಿ ವಿಚಾರಕ್ಕೆ ಯೋಗ್ಯವಾಗಿದೆ. ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿಗೆ ಹೋಯಿತು. ಅಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಅದನ್ನು ಕೊಂಡರು. ಲಂಡನ್ನಿನವರಿಗೆ ಸೀಸದ ಬ್ಯಾಟರಿ ಹಗುರವಾಗಿತ್ತೇ? ಎಂಬತ್ತು ಕಿಲೋಮೀಟರ್ ಉದ್ದವಾಗಿತ್ತೇ? ಇಲ್ಲ. ಅಲ್ಲಿ 2003ರಲ್ಲಿ ನಗರದ ನಡುಭಾಗಕ್ಕೆ ಕಾರು ತರುವವರ ಮೇಲೆ ದಟ್ಟಣೆಯ ಸುಂಕ ಹಾಕಿದರು. ವಿದ್ಯುತ್ ವಾಹನಕ್ಕೆ ಆಗ ಅದರಿಂದ ವಿನಾಯಿತಿ ಕೊಟ್ಟರು. ನಡುಪೇಟೆಯ ಕೆಲವೆಡೆ ನಿಲುಗಡೆಯೂ ಪುಕ್ಕಟೆ. ವೆಸ್ಟ್‌ಮಿನ್‌ಸ್ಟರಿನಲ್ಲಿ 2006ರ ಹೊತ್ತಿಗೆ ಬೀದಿಯ ಬದಿಯಲ್ಲಿಯೇ ಚಾರ್ಜಿಂಗ್ ಕಂಬ ನೆಟ್ಟರು. ಬೊಮ್ಮಸಂದ್ರದ ಕೂಸಿಗೆ ಥೇಮ್ಸ್ ದಂಡೆಯಲ್ಲಿ ತೊಟ್ಟಿಲು ಕಟ್ಟಿದರು. ತವರಿನಲ್ಲಿ ಮಾತ್ರ ಅದು ಆಟಿಕೆಯ ಕಾರೆಂಬ ಹೆಸರು ಪಡೆಯಿತು. ಕಾರು ಒಂದೇ, ನಿಲ್ಲಿಸುವ ಊರು ಬೇರೆ. ಯಂತ್ರದ ಯೋಗ್ಯತೆಯಲ್ಲಿ ಅರ್ಧ ಪಾಲು ಊರಿನ ವ್ಯವಸ್ಥೆಯದು ಎಂದು ನಾನು ಹೇಳುವುದು ಇದಕ್ಕಾಗಿ.

ಮುಂದಿನ ಕಥೆಯೂ ಹೀಗೆಯೇ. 2010ರ ಮೇ ತಿಂಗಳಲ್ಲಿ ಮಹೀಂದ್ರ ಕಂಪನಿ ರೇವಾದ ಹೆಚ್ಚಿನ ಪಾಲನ್ನು ಕೊಂಡಿತು. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರು ಮಾಡಬಲ್ಲ ಹೊಸ ಕಾರ್ಖಾನೆ ತೆರೆಯಿತು. 2013ರ ಮಾರ್ಚಿನಲ್ಲಿ ಇ2ಒ ಎಂಬ ಕಾರು ಬಂತು. ಸೀಸ ಹೋಗಿ ಲಿಥಿಯಂ ಬಂದಿತ್ತು, ನಾಲ್ವರು ದೊಡ್ಡವರು ಕೂರಬಹುದಿತ್ತು, ಐದು ಗಂಟೆಯ ಚಾರ್ಜಿಗೆ 100 ಕಿಲೋಮೀಟರ್ ಎಂದು ಹೇಳಿದ್ದರು. ಬ್ಯಾಟರಿ ಬರಿದಾಗುತ್ತ ಬಂದರೆ ಫೋನಿನ ಮೂಲಕ ಎಂಟು ಹತ್ತು ಕಿಲೋಮೀಟರಿನಷ್ಟು ಕಾಯ್ದಿಟ್ಟ ಶಕ್ತಿಯನ್ನು ಬಿಡಿಸಿಕೊಳ್ಳುವ ಅನುಕೂಲವೂ ಅದರಲ್ಲಿತ್ತು. ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಹಣದಂತೆ. ಆದರೆ ವಿದ್ಯುತ್ ವಾಹನಗಳಿಗೆ 2010ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ್ದ ಸಹಾಯಧನ 2012ರ ಮಾರ್ಚಿಗೇ ಮುಗಿದಿತ್ತು. ಮುಂದಿನ ಯೋಜನೆ ಬಂದದ್ದು 2015ರಲ್ಲಿ. ಕಾರು ಮಾರುಕಟ್ಟೆಗೆ ಕಾಲಿಟ್ಟದ್ದು ಸರಿಯಾಗಿ ಆ ನಡುವಿನ ಬರಗಾಲದಲ್ಲಿ. 2016ರಲ್ಲಿ ನಾಲ್ಕು ಬಾಗಿಲಿನ ರೂಪ ಬಂದರೂ 2019ಕ್ಕೆ ಅದರ ತಯಾರಿಕೆ ನಿಂತಿತು. ಅಲ್ಲಿ ಕಲಿತ ವಿದ್ಯೆ ಪೂರ್ತಿ ವ್ಯರ್ಥವಾಗಲಿಲ್ಲವೆನ್ನಿ; 2018ರಲ್ಲಿ ಅದೇ ಕಂಪನಿ ಟ್ರಿಯೊ ಎಂಬ ವಿದ್ಯುತ್ ಆಟೋವನ್ನು ಬೆಂಗಳೂರಿನಿಂದಲೇ ಹೊರತಂದಿತು.

ಇನ್ನು ಇಂದಿನ ಸಣ್ಣ ಕಾರುಗಳ ಮಾತು. 2022ರಲ್ಲಿ ಬಂದ ಟಾಟಾ ಟಿಯಾಗೊ ವಿದ್ಯುತ್ ಕಾರಿನ ಎರಡು ಬ್ಯಾಟರಿಗಳಲ್ಲಿ ಸಣ್ಣದು 19.2 ಯೂನಿಟ್ಟಿನದು, ದೊಡ್ಡದು 24 ಯೂನಿಟ್ಟಿನದು. ಬಿಡುಗಡೆಯ ವೇಳೆ ಪರೀಕ್ಷೆಯ ಲೆಕ್ಕದಲ್ಲಿ ಹೇಳಿದ ದೂರ 250 ಮತ್ತು 315 ಕಿಲೋಮೀಟರ್. ಇದು ಪರೀಕ್ಷಾಗಾರದ ದೂರ. ಪೆಟ್ರೋಲ್ ಕಾರಿನ ಜಾಹೀರಾತಿನಲ್ಲಿ ಹೇಳಿದ ಮೈಲೇಜು ನಿಮ್ಮಲ್ಲಿ ಯಾರಿಗೆ ರಸ್ತೆಯಲ್ಲಿ ದಕ್ಕಿದೆ? ಇಲ್ಲಿಯೂ ಹಾಗೆಯೇ. ಎಸಿ, ಉಬ್ಬುತಗ್ಗು, ನಾಲ್ವರ ಭಾರ, ಹೆದ್ದಾರಿಯ ವೇಗ, ಇವೆಲ್ಲ ತಮ್ಮ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗಕ್ಕನುಗುಣವಾಗಿ ಏರುತ್ತದೆಂದು ಹತ್ತನೆಯ ತರಗತಿಯ ಹುಡುಗರಿಗೂ ನಾನು ಹೇಳುತ್ತಿದ್ದೆ. ಆದ್ದರಿಂದ ಯೂನಿಟ್ಟಿಗೆ 8 ಕಿಲೋಮೀಟರ್ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿ. ಸಣ್ಣ ಬ್ಯಾಟರಿಗೆ 150, ದೊಡ್ಡದಕ್ಕೆ 190 ಎಂದು ಬರುತ್ತದೆ. ಹಾಸಿಗೆಯ ಅಳತೆ ಇಷ್ಟೇ. ಇದನ್ನು ತಿಳಿದು ಕಾಲು ಚಾಚಿದವನಿಗೆ ನಡುದಾರಿಯಲ್ಲಿ ನಿಲ್ಲುವ ಭಯವಿಲ್ಲ.

ಈಗ ನಮ್ಮ ಹೊರವಲಯದ ದೂರಗಳನ್ನು ಈ ಹಾಸಿಗೆಯ ಪಕ್ಕದಲ್ಲಿಟ್ಟು ನೋಡೋಣ. ತುಮಕೂರು ರಸ್ತೆಯ ಮಾದಾವರದ ಬಳಿಯಿಂದ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯವರೆಗೆ ನೈಸ್ ರಸ್ತೆಯ ಉದ್ದ 41 ಕಿಲೋಮೀಟರ್. ಪೀಣ್ಯದ ಕಡೆ ಮನೆ ಮಾಡಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವವನಿಗೆ ಹೋಗಿ ಬರಲು ಆ ರಸ್ತೆಯೊಂದೇ 82 ಕಿಲೋಮೀಟರ್ ಆಯಿತು. ಹಳೆಯ ರೇವಾಗೆ ಇದು ಸಾಧ್ಯವಿರಲಿಲ್ಲ. ಅದರ ಕಾಗದದ ಮೇಲಿನ ದೂರವೇ 80. ಆದರೆ ಕೆಲಸದ ಜಾಗದಲ್ಲಿ ಒಂದು 15 ಆಂಪಿಯರಿನ ಪ್ಲಗ್ಗಿದ್ದಿದ್ದರೆ? ಹೋಗುವಾಗ 41, ಮಧ್ಯಾಹ್ನದೊಳಗೆ ಹೊಟ್ಟೆ ತುಂಬಾ ಚಾರ್ಜು, ಬರುವಾಗ 41. ಹಳೆಯ ಸೀಸದ ಬ್ಯಾಟರಿ ಬಲವಾಗಿದ್ದ ದಿನಗಳಲ್ಲಿ ಇಷ್ಟು ದೂರ ಅದಕ್ಕೆ ಹೊರಲಾಗದ ಹೊರೆಯಾಗುತ್ತಿರಲಿಲ್ಲ. ದಾರಿಯ ಆ ತುದಿಯಲ್ಲಿ ಒಂದು ಪ್ಲಗ್ಗಿದ್ದರೆ ಬೇಕಾಗುವ ಬ್ಯಾಟರಿ ಅರ್ಧಕ್ಕಿಳಿಯುತ್ತದೆ. ಪ್ಲಗ್ಗಿನ ಬೆಲೆ ಎಲ್ಲಿ, ಅರ್ಧ ಬ್ಯಾಟರಿಯ ಬೆಲೆ ಎಲ್ಲಿ!

ಇಂದಿನ ಕಾರಿಗೆ ಈ ಲೆಕ್ಕ ಇನ್ನೂ ಸುಲಭ. ದಿನಕ್ಕೆ 60 ಕಿಲೋಮೀಟರ್ ಓಡುವ ಮನೆಗೆ ಬೇಕಾದದ್ದು 7ರಿಂದ 8 ಯೂನಿಟ್. 15 ಆಂಪಿಯರಿನ ಪ್ಲಗ್ಗಿನಿಂದ ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್ ಎಳೆಯಬಹುದು. ಮೂರು ಗಂಟೆಯಲ್ಲಿ ಆ ದಿನದ ಓಟದ ಬಹುಪಾಲು ಹಿಂದಿರುಗಿ ಬಂತು. ಯೂನಿಟ್ಟಿಗೆ 6 ರೂಪಾಯಿಯೆಂದು ಹಿಡಿದರೆ ಕಿಲೋಮೀಟರಿಗೆ 75 ಪೈಸೆ. ಲೀಟರಿಗೆ 100 ರೂಪಾಯಿಯ ಪೆಟ್ರೋಲಿನಲ್ಲಿ ಲೀಟರಿಗೆ 15 ಓಡಿದರೆ ಕಿಲೋಮೀಟರಿಗೆ ಆರೂವರೆ ರೂಪಾಯಿ ದಾಟುತ್ತದೆ. ಇಷ್ಟಕ್ಕೆ ಲಕ್ಷಾಂತರ ರೂಪಾಯಿಯ ಶೀಘ್ರ ಚಾರ್ಜಿಂಗ್ ಯಂತ್ರವೇಕೆ? ಶೀಘ್ರ ಚಾರ್ಜಿಂಗ್ ಬೇಕಾದದ್ದು ಮೈಸೂರಿಗೋ ಹಾಸನಕ್ಕೋ ಹೊರಟವನಿಗೆ. ಕರ್ನಾಟಕವು ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲಿಯೇ ಮೊದಲು ತಂದ ರಾಜ್ಯ. ಬೆಸ್ಕಾಂ 2018ರಲ್ಲಿ ಕೆ.ಆರ್. ವೃತ್ತದ ತನ್ನ ಕಚೇರಿಯ ಆವರಣದಲ್ಲಿ ಚಾರ್ಜಿಂಗ್ ಕೇಂದ್ರ ತೆರೆಯಿತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ವೈಟ್‌ಫೀಲ್ಡಿನಲ್ಲಿ ಮಲಗುವ ಕಾರಿಗೆ ಕೆ.ಆರ್. ವೃತ್ತದ ಕಂಬದಿಂದ ದಿನನಿತ್ಯದ ಉಪಕಾರವಾಗದು. ಅದು ಮಲಗುವ ಜಾಗದಲ್ಲಿ ಪ್ಲಗ್ಗು ಬೇಕು.

ಅಲ್ಲಿಯೇ ಮುಳ್ಳಿರುವುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವೈಟ್‌ಫೀಲ್ಡಿನ ಕಡೆ ಒಂದು ದೊಡ್ಡ ವಸತಿ ಸಮುಚ್ಚಯದಲ್ಲಿ ಬಾಡಿಗೆಗಿದ್ದಾಳೆ. ಸಣ್ಣ ವಿದ್ಯುತ್ ಕಾರು ಕೊಳ್ಳುವ ಮನಸ್ಸು ಮಾಡಿ, ನೆಲಮಾಳಿಗೆಯಲ್ಲಿ ತನ್ನ ಜಾಗದ ಬಳಿ ಸ್ವಂತ ಖರ್ಚಿನಲ್ಲಿ ಒಂದು ಪ್ಲಗ್ಗು ಹಾಕಿಸಿಕೊಳ್ಳಲು ಸಂಘದ ಅನುಮತಿ ಕೇಳಿದಳು. ಮೊದಲು ಮನೆಯ ಮಾಲೀಕರ ಪತ್ರ ತರಲು ಹೇಳಿದರು, ತಂದಳು. ಆಮೇಲೆ ಮಹಾಸಭೆಯಲ್ಲಿ ತೀರ್ಮಾನವಾಗಲಿ ಎಂದರು. ಸಭೆಯಲ್ಲಿ "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ" ಎಂದು ಒಬ್ಬರು ಎದ್ದು ನಿಂತರಂತೆ, ಅಲ್ಲಿಗೆ ಮುಗಿಯಿತು. ಅವಳು ಪೆಟ್ರೋಲ್ ಕಾರನ್ನೇ ಕೊಂಡಳು. ಎಲ್ಲರೂ ಕೇಳುತ್ತಾರೆಂಬುದೇ ಕೊಡದಿರಲು ಕಾರಣವಾದರೆ ನಮ್ಮ ಊರಿನಲ್ಲಿ ನಲ್ಲಿಯ ನೀರೂ ಬರುತ್ತಿರಲಿಲ್ಲ, ಶಾಲೆಯೂ ತೆರೆಯುತ್ತಿರಲಿಲ್ಲ.

ಕಾಗದದ ಮೇಲೆ ದಾರಿ ಆಗಲೇ ತೆರೆದಿದೆ. ಹೊಸ ಕಟ್ಟಡಗಳ ವಾಹನ ನಿಲುಗಡೆಯಲ್ಲಿ ಶೇಕಡಾ 20ರಷ್ಟು ಜಾಗಕ್ಕೆ ಚಾರ್ಜಿಂಗ್ ಸೌಲಭ್ಯ ಇರಬೇಕೆಂದು ಕೇಂದ್ರದ ಮಾದರಿ ಕಟ್ಟಡ ಉಪವಿಧಿಗಳಲ್ಲಿ 2019ರಲ್ಲಿಯೇ ಸೇರಿಸಿದರು. ಮನೆಯಲ್ಲಿಯೋ ಕಚೇರಿಯಲ್ಲಿಯೋ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ತಮ್ಮ ವಾಹನವನ್ನು ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿತು. ಆದರೆ ದೆಹಲಿಯ ಮಾರ್ಗಸೂಚಿ ನೆಲಮಾಳಿಗೆಯ ಕಂಬದವರೆಗೆ ಇಳಿದು ಬರುವುದಿಲ್ಲ; ಅದನ್ನು ಇಳಿಸುವವರು ಸಂಘದ ಪದಾಧಿಕಾರಿಗಳು.

ಅವರ ಆತಂಕಗಳು ಪೊಳ್ಳೆಂದು ನಾನು ತಳ್ಳಿಹಾಕುವುದಿಲ್ಲ. ಒಂದೊಂದಾಗಿ ನೋಡೋಣ. ಮೊದಲನೆಯದು ಬೆಂಕಿಯ ಭಯ. 2022ರ ಬೇಸಿಗೆಯಲ್ಲಿ ಕೆಲವು ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ದೃಶ್ಯಗಳನ್ನು ಎಲ್ಲರೂ ಫೋನಿನಲ್ಲಿ ನೋಡಿದ್ದಾರೆ. ಅದೇ ವರ್ಷದ ಕೊನೆಯಿಂದ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿದರು. ನನ್ನನ್ನು ಕೇಳಿದರೆ, ಬ್ಯಾಟರಿಯಷ್ಟೇ ಗಮನ ಕೊಡಬೇಕಾದದ್ದು ಸಡಿಲವಾದ ಪ್ಲಗ್ಗಿಗೆ. 13 ಆಂಪಿಯರ್ ಹರಿಯುತ್ತಿರುವ ಕಡೆ ತುಕ್ಕು ಹಿಡಿದ ಸಂಪರ್ಕದಿಂದಾಗಿ ಕೇವಲ 0.2 ಓಮ್ ರೋಧ ಹುಟ್ಟಿಕೊಂಡಿತೆನ್ನಿ. ವಿದ್ಯುತ್ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿ: ಸುಮಾರು 34 ವ್ಯಾಟ್. ಬೆಸುಗೆ ಹಾಕುವ ಕಡ್ಡಿಯಷ್ಟು ಬಿಸಿ, ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ, ಇಡೀ ರಾತ್ರಿ. ಆದ್ದರಿಂದ ಅನುಮತಿ ಕೊಡದೆ ಜನ ಕದ್ದುಮುಚ್ಚಿ ಎಕ್ಸ್‌ಟೆನ್ಷನ್ ವಯರು ಎಳೆಯುವಂತೆ ಮಾಡುವುದೇ ಅಪಾಯ. ಒಳ್ಳೆಯ ತಂತಿ, ಪ್ರತ್ಯೇಕ ಎಂಸಿಬಿ, ಇಎಲ್‌ಸಿಬಿ, ಸರಿಯಾದ ಅರ್ತಿಂಗ್, ಪರವಾನಗಿಯಿರುವ ಎಲೆಕ್ಟ್ರಿಷಿಯನ್ ಇವಿಷ್ಟನ್ನು ಕಡ್ಡಾಯ ಮಾಡಿ ಅನುಮತಿ ಕೊಡುವುದು ಕ್ಷೇಮ.

ಎರಡನೆಯದು ಹೊರೆಯ ಪ್ರಶ್ನೆ. ಇನ್ನೂರು ಮನೆಯವರು ಸಂಜೆ ಏಳಕ್ಕೆ ಒಟ್ಟಿಗೆ ಪ್ಲಗ್ಗು ಸಿಕ್ಕಿಸಿದರೆ 600 ಕಿಲೋವ್ಯಾಟ್, ಟ್ರಾನ್ಸ್‌ಫಾರ್ಮರ್ ತಾಳೀತೇ? ತಾಳದಿರಬಹುದು. ಆದರೆ ಎಲ್ಲರಿಗೂ ಬೇಕಾದದ್ದು ಮೂರೇ ಗಂಟೆ. ರಾತ್ರಿಗೆ ಗಂಟೆಗಳು ಹತ್ತಿವೆ. ಸರದಿ ಹಾಕಿಕೊಂಡರಾಯಿತು. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಲ್ಲಿ ಹರಿಸಿ, ಅದಕ್ಕೊಬ್ಬ ನೀರುಗಂಟಿಯನ್ನಿಟ್ಟ ನಾಡು ನಮ್ಮದು. ಆ ನೀರುಗಂಟಿಯ ಕೆಲಸವನ್ನು ಇಂದು ಒಂದು ಟೈಮರು ಮಾಡುತ್ತದೆ.

ಮೂರನೆಯದು ಹಣದ ಲೆಕ್ಕ. ಒಬ್ಬರ ಕಾರಿನ ವಿದ್ಯುತ್ತಿಗೆ ಎಲ್ಲರೂ ಏಕೆ ಕೊಡಬೇಕು? ನ್ಯಾಯವಾದ ಮಾತು. ಯಾರೂ ಕೊಡಬೇಕಾಗಿಲ್ಲ. ಪ್ರತಿ ಪ್ಲಗ್ಗಿಗೂ ಒಂದು ಸಬ್ ಮೀಟರ್ ಹಾಕಿ, ತಿಂಗಳ ನಿರ್ವಹಣಾ ಶುಲ್ಕದೊಂದಿಗೆ ವಸೂಲು ಮಾಡಿ.

ಕೆಲಸದ ಜಾಗದ ಪ್ಲಗ್ಗಿನ ವಿಷಯದಲ್ಲಿ ಇನ್ನೊಂದು ಹೆಚ್ಚಿನ ಲಾಭವಿದೆ. "ಕಲ್ಲಿದ್ದಲು ಸುಟ್ಟು ತಯಾರಿಸಿದ ವಿದ್ಯುತ್ತಿನಲ್ಲಿ ಓಡಿದರೆ ಹೊಗೆ ರಾಯಚೂರಿನಲ್ಲಿ ಬಂತು, ಅಷ್ಟೇ ತಾನೇ" ಎಂದು ನಿಮ್ಮಲ್ಲಿ ಕೆಲವರು ವಾದಿಸುವುದುಂಟು. ವಾದದಲ್ಲಿ ಸತ್ಯಾಂಶವಿದೆ. ಆದರೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ. ಬರದ ತಾಲ್ಲೂಕಿನ ರೈತರು ನೆಲವನ್ನು ಗುತ್ತಿಗೆಗೆ ಕೊಟ್ಟು ಕಟ್ಟಿದ ಉದ್ಯಾನವದು. ಅಲ್ಲಿ ವಿದ್ಯುತ್ತು ಹುಟ್ಟುವುದು ಹಗಲಿನಲ್ಲಿ. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡುವವನಿಗೆ ಪಾವಗಡದ ಬಿಸಿಲು ಸಿಗದು. ಮಧ್ಯಾಹ್ನ ಹನ್ನೆರಡಕ್ಕೆ ಬೊಮ್ಮಸಂದ್ರದ ಕಾರ್ಖಾನೆಯ ಅಂಗಳದಲ್ಲಿ ಕಾರು ನಿಲ್ಲಿಸಿದವನಿಗೆ ಸಿಗುತ್ತದೆ. ಪೀಣ್ಯ, ಜಿಗಣಿ, ಬೊಮ್ಮಸಂದ್ರಗಳ ಶೆಡ್ಡುಗಳ ಮೇಲಿನ ಶೀಟುಗಳು ದಿನವಿಡೀ ಬಿಸಿಲು ಕಾಯಿಸಿಕೊಂಡು ಸುಮ್ಮನೆ ಬಿದ್ದಿರುತ್ತವೆ. ಅವುಗಳ ಮೇಲೆ ಸೌರಫಲಕ ಹಾಕಿದ ಕಾರ್ಖಾನೆಯವನು ಕೆಳಗೆ ಹತ್ತು ಪ್ಲಗ್ಗು ಕೊಡಲು ಕಷ್ಟಪಡಬೇಕಾಗಿಲ್ಲ. ಆ ಪ್ಲಗ್ಗುಗಳು ಮ್ಯಾನೇಜರರ ಕಾರಿಗೆ ಮಾತ್ರ ಮೀಸಲಾಗದೆ, ಪಾಳಿಗೆ ಬರುವ ಹುಡುಗರ ಸ್ಕೂಟರಿಗೂ, ಗೇಟಿನ ಹೊರಗೆ ಕಾಯುವ ಆಟೋದವರಿಗೂ ಸಿಗಬೇಕೆಂಬುದು ನನ್ನ ಆಸೆ. ಸ್ಕೂಟರಿಗೆ ಬೇಕಾದದ್ದು ದಿನಕ್ಕೆ ಒಂದೋ ಎರಡೋ ಯೂನಿಟ್ಟು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ವಿದ್ಯುತ್ ಕಾರು ಹೊಗೆಯನ್ನು ಕಡಿಮೆ ಮಾಡೀತು, ದಟ್ಟಣೆಯನ್ನು ಮಾಡದು. ಅದು ರಸ್ತೆಯಲ್ಲಿ ಹಿಡಿಯುವ ಜಾಗ ಪೆಟ್ರೋಲ್ ಕಾರಿನಷ್ಟೇ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿನ ಹಳದಿ ಮಾರ್ಗದ ಮೆಟ್ರೊ 2025ರ ಆಗಸ್ಟಿನಲ್ಲಿ ಆರಂಭವಾಯಿತು. ನೇರಳೆ ಮಾರ್ಗ 2023ರಲ್ಲಿಯೇ ವೈಟ್‌ಫೀಲ್ಡನ್ನು ಮುಟ್ಟಿತು. ಹಸಿರು ಮಾರ್ಗ ಪೀಣ್ಯವನ್ನು ದಾಟಿ 2024ರಲ್ಲಿ ಮಾದಾವರ ತಲುಪಿತು. ಅವು ಹೋಗುವ ಕಡೆಗೆ ಹೋಗುವವರು ಅವುಗಳಲ್ಲಿಯೇ ಹೋಗಲಿ. ಇವೂ ವಿದ್ಯುತ್ ವಾಹನಗಳೇ, ಬ್ಯಾಟರಿಯ ಚಿಂತೆಯೂ ಇಲ್ಲ. ಕಾರು ಬೇಕಾಗುವುದು ನಿಲ್ದಾಣದಿಂದಾಚೆಯ ಆನೇಕಲ್ಲಿಗೆ, ಸರ್ಜಾಪುರಕ್ಕೆ, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಲು, ಮಳೆಯಲ್ಲಿ ಮಕ್ಕಳನ್ನು ತರಲು. ಅಂಥ ಕೆಲಸಕ್ಕೆ ಸಣ್ಣ ಕಾರು, ಸಣ್ಣ ಬ್ಯಾಟರಿ, ಹತ್ತಿರದ ಪ್ಲಗ್ಗು ಧಾರಾಳವಾಗಿ ಸಾಕು. 500 ಕಿಲೋಮೀಟರ್ ಓಡುವ ಎರಡು ಟನ್ನಿನ ದೊಡ್ಡ ಬಂಡಿಯನ್ನು ಕೊಂಡು ದಿನಕ್ಕೆ 30 ಕಿಲೋಮೀಟರ್ ಓಡಿಸುವುದು, ಇಬ್ಬರ ಸಂಸಾರಕ್ಕೆ ದಿನವೂ ಮದುವೆಯ ಹಂಡೆಯಲ್ಲಿ ಅನ್ನ ಮಾಡಿದಂತೆ.

ನಿಮ್ಮಲ್ಲಿ ಕೆಲವರು ಈಗ ವಸತಿ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು. ಕೆಲವರು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಕಟ್ಟಡದ ಉಸ್ತುವಾರಿ ನೋಡುತ್ತೀರಿ. ಇಬ್ಬರು ಮೂವರು ಪೀಣ್ಯದಲ್ಲಿ ಸ್ವಂತ ವರ್ಕ್‌ಶಾಪು ಇಟ್ಟಿದ್ದೀರಿ. ಕಾರು ಕೊಳ್ಳಬೇಕೇ ಬೇಡವೇ ಎಂದು ನೀವು ನನ್ನನ್ನು ಕೇಳುತ್ತೀರಿ. ನಾನು ನಿಮ್ಮನ್ನು ಕೇಳುವುದು, ಮುಂದಿನ ಸಭೆಯಲ್ಲಿ ಯಾರಾದರೂ ಪ್ಲಗ್ಗಿಗೆ ಅರ್ಜಿ ಕೊಟ್ಟರೆ ನೀವು ಏನು ಹೇಳುತ್ತೀರಿ ಎಂದು. ಅರ್ಜಿ ಹಿಡಿದು ನಿಂತವಳು ಬಾಡಿಗೆಯವಳೆಂದು, ಹೊಸಬಳೆಂದು ಕಡೆಗಣಿಸಬೇಡಿ. ತಂತಿ, ಮೀಟರು, ಸರದಿ, ಈ ಮೂರರ ಕರಡು ನಿಯಮವನ್ನು ಒಂದು ಪುಟದಲ್ಲಿ ಬರೆದು ಸಭೆಯ ಮುಂದಿಡಿ. ಹಾಗೆ ಬರೆದವರು ನನಗೂ ಒಂದು ಪ್ರತಿ ಕಳುಹಿಸಿದರೆ ಸಂತೋಷಪಡುತ್ತೇನೆ. ಕೆಂಪು ಶಾಯಿಯ ಪೆನ್ನು ಇನ್ನೂ ನನ್ನ ಮೇಜಿನ ಮೇಲಿದೆ.